ಪಾಠದಲ್ಲಿ ಬಿಟ್ಟುಹೋದ ಊರು



ವೈಟ್‌ಫೀಲ್ಡಿನ ನಮ್ಮ ತರಗತಿಯಲ್ಲಿ ರಾಯಗಡ, ಪ್ರತಾಪಗಡ, ಸಿಂಧುದುರ್ಗಗಳನ್ನು ನಕಾಶೆಯಲ್ಲಿ ಗುರುತಿಸಲಾರದವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದುಂಟು. 2025ರ ಜುಲೈನಲ್ಲಿ ಯುನೆಸ್ಕೋ ಮರಾಠರ 12 ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹನ್ನೊಂದು ಮಹಾರಾಷ್ಟ್ರದವು; ಒಂದು ಮಾತ್ರ ದೂರದ ತಮಿಳುನಾಡಿನ ಸೆಂಜಿ. ಮರಾಠರು ಅಲ್ಲಿಗೆ ಹೋದದ್ದೇಕೆ? ಉತ್ತರ ನಮ್ಮೂರಿನಲ್ಲಿಯೇ ಇದೆ.

1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನೊಡನೆ ಬಂದ ಷಹಾಜಿ ಭೋಂಸ್ಲೆಗೆ ಬೆಂಗಳೂರು ಜಹಗೀರಾಗಿ ದೊರೆಯಿತು. ಕೆಂಪೇಗೌಡರ ವಂಶಜರು ಮಾಗಡಿಗೆ ಸರಿದರು. ವೈಟ್‌ಫೀಲ್ಡಿನಾಚೆಯ ಹೊಸಕೋಟೆ, ಅದರಾಚೆಯ ಕೋಲಾರಗಳೂ ಆ ಜಹಗೀರಿಗೆ ಸೇರಿದ್ದವು. ಷಹಾಜಿ 1664ರಲ್ಲಿ ಬೇಟೆಯ ವೇಳೆ ತೀರಿಕೊಂಡ. ಚನ್ನಗಿರಿಯ ಬಳಿ ಹೊದಿಗೆರೆಯಲ್ಲಿ ಅವನ ಸಮಾಧಿಯಿದೆ. ಈ ಆಸ್ತಿಯಲ್ಲಿ ತನ್ನ ಪಾಲನ್ನು ಮಲತಮ್ಮ ಏಕೋಜಿಯಿಂದ ಕೇಳುವುದೂ ಶಿವಾಜಿಯ 1677ರ ದಕ್ಷಿಣ ದಂಡಯಾತ್ರೆಯ ಕಾರಣಗಳಲ್ಲೊಂದು. ಸೆಂಜಿ ಅವನ ವಶವಾದದ್ದು ಆ ಯಾತ್ರೆಯಲ್ಲಿಯೇ. ಮುಂದೆ ಮೊಗಲರು ರಾಯಗಡವನ್ನು ಕಸಿದುಕೊಂಡಾಗ ಅವನ ಮಗ ರಾಜಾರಾಮನಿಗೆ ಆಶ್ರಯವಿತ್ತು, 1698ರವರೆಗೆ ಮುತ್ತಿಗೆಯನ್ನು ತಡೆದದ್ದೂ ಆ ಕೋಟೆಯೇ.

ಇಷ್ಟೆಲ್ಲವನ್ನೂ ಬಲ್ಲ ನಾನು ತರಗತಿಯಲ್ಲಿ ಒಮ್ಮೆಯೂ ಹೇಳಲಿಲ್ಲ. ಪಠ್ಯಕ್ರಮ ಮುಗಿಸುವ ಆತುರ! ಮಕ್ಕಳೇ, ನಿಮ್ಮ ಮಕ್ಕಳಿಗಾದರೂ ಹೇಳಿ. ಅಂದು ಬೆಂಚಿನ ಮೇಲೆ ನಿಲ್ಲಬೇಕಾದವನು ನಾನೇ ಆಗಿದ್ದೆ.