ನಂದಿಯ ನೀರು ಹೋಗುವ ದಾರಿಯಲ್ಲಿ ರಾಜಾಜಿ ಮನೆ

ದಕ್ಷಿಣ ಪಿನಾಕಿನಿ ಹುಟ್ಟುವುದು ನಮ್ಮ ನಂದಿ ಬೆಟ್ಟದ ಸಾಲಿನಲ್ಲಿ. ಹೊಸಕೋಟೆ ಸೀಮೆ ದಾಟಿ, ತಮಿಳುನಾಡು ಸೇರಿ, ಅಲ್ಲಿ ತೆನ್‌ಪೆಣ್ಣೈ ಅಂತ ಹೆಸರು ಬದಲಾಯಿಸಿಕೊಂಡು ಕಡಲೂರಿನ ಹತ್ತಿರ ಸಮುದ್ರಕ್ಕೆ ಬೀಳುತ್ತದೆ. ಹೊಸೂರು ದಾಟಿದ ಮೇಲೆ ಆ ಹೊಳೆಯ ಪಕ್ಕದಲ್ಲೇ ಒಂದು ಹಳ್ಳಿ ಇದೆ, ತೊರಪಳ್ಳಿ. ಸ್ವತಂತ್ರ ಭಾರತದ ಗವರ್ನರ್ ಜನರಲ್ ಆಗಿದ್ದ ಒಬ್ಬನೇ ಒಬ್ಬ ಭಾರತೀಯ, ಚಕ್ರವರ್ತಿ ರಾಜಗೋಪಾಲಾಚಾರಿ ಹುಟ್ಟಿದ ಮನೆ ಅಲ್ಲಿದೆ. ತಮಿಳುನಾಡು ಸರ್ಕಾರ ಅದನ್ನು ಸ್ಮಾರಕವಾಗಿ ಉಳಿಸಿಕೊಂಡಿದೆ.

ನಾವು ನಾಲ್ಕು ಜನ, ಎರಡು ಬೈಕು. ಹೊಸಕೋಟೆಯಿಂದ ಮಾಲೂರು, ಮಾಲೂರಿಂದ ಹೊಸೂರು. ಒಬ್ಬ ದೊಡ್ಡಬಳ್ಳಾಪುರದ ನೇಕಾರರ ಮಗ, ಒಬ್ಬಳು ದೇವನಹಳ್ಳಿ ಕಡೆಯವಳು, ಇನ್ನಿಬ್ಬರ ಮನೆಯಲ್ಲಿ ಹಾಲು ಕರೆದು ಡೈರಿಗೆ ಹಾಕುತ್ತಾರೆ. ಇದನ್ನು ಯಾಕೆ ಹೇಳುತ್ತಿದ್ದೇವೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಹೊಸೂರು ಬೇರೆ ರಾಜ್ಯ ಅಂತ ನಮಗೆ ಅನಿಸಲೇ ಇಲ್ಲ. ಟೀ ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದೆವು, ತೆಲುಗಲ್ಲಿ ಉತ್ತರ ಬಂತು, ಚಿಲ್ಲರೆ ಎಣಿಸಿದ್ದು ತಮಿಳಲ್ಲಿ. 1799ರಲ್ಲಿ ಟಿಪ್ಪು ಬೀಳುವವರೆಗೆ ಈ ಹೊಸೂರು ಸೀಮೆ ಮೈಸೂರಿನದೇ. ಆಮೇಲೆ ಕಂಪನಿ ಸರ್ಕಾರದ ಸೇಲಂ ಜಿಲ್ಲೆಗೆ ಸೇರಿತು. ದೇವನಹಳ್ಳಿಯಲ್ಲಿ ಹುಟ್ಟಿದವನು ಕಳೆದುಕೊಂಡ ನೆಲದಲ್ಲಿ, ಸುಮಾರು 80 ವರ್ಷದ ನಂತರ, 1878ರ ಡಿಸೆಂಬರ್ 10ರಂದು ರಾಜಾಜಿ ಹುಟ್ಟಿದರು.

ತೊರೆ ಪಕ್ಕದ ಹಳ್ಳಿ ಆದ್ದರಿಂದ ತೊರಪಳ್ಳಿ ಆಗಿರಬೇಕು ಅಂತ ನಮ್ಮಲ್ಲೊಬ್ಬ ದಾರಿಯುದ್ದಕ್ಕೂ ವಾದ ಮಾಡಿದ. ಅವನ ಸಂಶೋಧನೆ ಅವನಿಗೇ ಇರಲಿ.

ಅಗ್ರಹಾರದ ಬೀದಿಯಲ್ಲಿ ಮನೆ ಸಣ್ಣದು. ಅರಮನೆ ಥರ ಏನೋ ನೋಡುತ್ತೇವೆ ಅಂದುಕೊಂಡು ಹೋದರೆ ನಿರಾಸೆಯಾದೀತು. ಒಳಗೆ ರಾಜಾಜಿಯವರ ಬದುಕಿನ ಫೋಟೋಗಳು. ಹತ್ತು ನಿಮಿಷದಲ್ಲಿ ಸುತ್ತು ಹಾಕಿ ಹೊರಗೆ ಬರಬಹುದು. ನಾವು ಎರಡು ಗಂಟೆ ಇದ್ದೆವು. ಹೆಚ್ಚು ಹೊತ್ತು ಹೋಗಿದ್ದು ಫೋಟೋ ನೋಡಿ ಅಲ್ಲ, ಜಗಳ ಮಾಡಿ.

ಮೊದಲು ಅವರ ಅಪ್ಪನ ವಿಷಯ. ವೆಂಕಟಾರ್ಯ ಅಯ್ಯಂಗಾರ್ ಈ ಊರಿನ ಮುನ್ಸೀಫರು. ಮುನ್ಸೀಫ್ ಅಂದ ತಕ್ಷಣ ಕೋರ್ಟಿನ ಜಡ್ಜ್ ಅಂದುಕೊಳ್ಳಬೇಡಿ. ಮದರಾಸು ಪ್ರಾಂತ್ಯದಲ್ಲಿ ಹಳ್ಳಿ ಮುನ್ಸೀಫ್ ಅಂದರೆ ನಮ್ಮ ಕಡೆಯ ಪಟೇಲರ ಹಾಗೆ. ಕಂದಾಯ ವಸೂಲಿ, ಸಣ್ಣಪುಟ್ಟ ವ್ಯಾಜ್ಯದ ತೀರ್ಮಾನ, ಸರ್ಕಾರಕ್ಕೆ ಊರಿನ ವರದಿ ಎಲ್ಲ ಅವರದೇ. ನಮ್ಮ ಶಾನುಭೋಗರ ಲೆಕ್ಕದ ಕೆಲಸವನ್ನು ಅಲ್ಲಿ ಕರಣಂ ಮಾಡುತ್ತಿದ್ದರು. ಅಂದರೆ ಬ್ರಿಟಿಷ್ ಸರ್ಕಾರದ ಆಡಳಿತ ಹಳ್ಳಿಯಲ್ಲಿ ಶುರುವಾಗುತ್ತಿದ್ದದ್ದೇ ಇಂಥ ಮನೆಯ ಜಗಲಿಯಿಂದ. ಅದೇ ಜಗಲಿಯ ಹುಡುಗ ಮುಂದೆ ಆ ಸರ್ಕಾರದ ಉಪ್ಪಿನ ಕಾನೂನು ಮುರಿದ.

ಇನ್ನೊಂದು ಮಾತು. ಈ ಮನೆಯಲ್ಲಿ ರಾಜಾಜಿ ಇದ್ದದ್ದು ಐದು ವರ್ಷದ ತನಕ ಮಾತ್ರ. ಪದೇಪದೇ ಕಾಯಿಲೆ ಬೀಳುತ್ತಿದ್ದ ಮಗು, ಉಳಿಯುತ್ತದೋ ಇಲ್ಲವೋ ಅಂತ ತಂದೆತಾಯಿಗೆ ಭಯ. ಅದೇ ಮಗು 94 ವರ್ಷ ಬದುಕಿತು, 1972ರ ಡಿಸೆಂಬರ್ 25ರವರೆಗೆ. ಐದನೇ ವಯಸ್ಸಿಗೆ ಕುಟುಂಬ ಹೊಸೂರಿಗೆ ಹೋಯಿತು. ಅಲ್ಲಿ ಶಾಲೆ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಆಮೇಲೆ ಮದರಾಸಿನಲ್ಲಿ ಲಾ ಓದಿ ಸೇಲಂನಲ್ಲಿ ವಕೀಲಿಕೆ. ಗಾಂಧಿಯ ಕರೆ ಬಂದಾಗ ಚೆನ್ನಾಗಿ ನಡೆಯುತ್ತಿದ್ದ ವಕೀಲಿಕೆಯನ್ನೇ ಬಿಟ್ಟರು. 1921ರ ಕೊನೆಯಲ್ಲಿ ವೆಲ್ಲೂರು ಜೈಲು. 1925ರಲ್ಲಿ ತಿರುಚೆಂಗೋಡಿನ ಹತ್ತಿರ ಆಶ್ರಮ ಕಟ್ಟಿ ಖಾದಿ, ಹೆಂಡ ಬಿಡಿಸುವುದು, ಅಸ್ಪೃಶ್ಯತೆ ವಿರುದ್ಧದ ಕೆಲಸ ಶುರು ಮಾಡಿದರು.

1927ರ ಬೇಸಿಗೆಯಲ್ಲಿ ಆರೋಗ್ಯ ಕೆಟ್ಟ ಗಾಂಧೀಜಿ ನಂದಿ ಬೆಟ್ಟಕ್ಕೆ ಬಂದು ವಾರಗಟ್ಟಲೆ ವಿಶ್ರಾಂತಿ ಪಡೆದರಲ್ಲ, ಆಗ ಜೊತೆಗಿದ್ದು ನೋಡಿಕೊಂಡವರಲ್ಲಿ ರಾಜಾಜಿಯೂ ಒಬ್ಬರು. ತನ್ನೂರ ಹೊಳೆ ಹುಟ್ಟುವ ಜಾಗ ಇದೇ ಅಂತ ಅವರಿಗೆ ಅಲ್ಲಿ ನೆನಪಾಗಿತ್ತೋ ಇಲ್ಲವೋ. ಮುಂದೆ ಅವರ ಮಗಳು ಲಕ್ಷ್ಮಿ ಮತ್ತು ಗಾಂಧಿಯ ಮಗ ದೇವದಾಸ್ 1933ರಲ್ಲಿ ಮದುವೆಯಾದರು. ಬ್ರಾಹ್ಮಣ ಹುಡುಗಿ, ಬನಿಯಾ ಹುಡುಗ. ಇವತ್ತಿಗೂ ನಮ್ಮ ಎಷ್ಟೋ ಊರುಗಳಲ್ಲಿ ಇಂಥ ಮದುವೆಗೆ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಬೇಕು.

1930ರ ಏಪ್ರಿಲ್ 13ರಂದು ತಿರುಚ್ಚಿಯಿಂದ ಸುಮಾರು 100 ಜನರನ್ನು ಕಟ್ಟಿಕೊಂಡು ವೇದಾರಣ್ಯಂ ಕಡಲತೀರಕ್ಕೆ ನಡೆದರು, ಸುಮಾರು 240 ಕಿಲೋಮೀಟರ್. ನಡೆಯುವವರಿಗೆ ಊಟ ಹಾಕಿದವರಿಗೂ ಶಿಕ್ಷೆ ಅಂತ ಕಲೆಕ್ಟರ್ ಹೆದರಿಸಿದ್ದ. ಆದರೂ ಜನ ಊಟ ಕೊಟ್ಟರು. ನಾಯಕರ ಫೋಟೋ ಗೋಡೆ ಮೇಲೆ ಇರುತ್ತದೆ, ಬುತ್ತಿ ಕಟ್ಟಿಕೊಟ್ಟವರದು ಇರುವುದಿಲ್ಲ.

ಇನ್ನು ನಮ್ಮ ಜಗಳಕ್ಕೆ ಬರೋಣ.

1937ರಲ್ಲಿ ರಾಜಾಜಿ ಮದರಾಸು ಪ್ರಾಂತ್ಯದ ಪ್ರಧಾನಿಯಾದರು (ಆಗ ಮುಖ್ಯಮಂತ್ರಿಗೆ ಹಾಗೇ ಅನ್ನುತ್ತಿದ್ದರು). ಅದೇ ಅಕ್ಟೋಬರ್ 1ರಿಂದ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದರು. ಹೊಸೂರು, ತೊರಪಳ್ಳಿ ಎಲ್ಲ ಆಗ ಅದೇ ಜಿಲ್ಲೆ. ಹೆಂಡದ ತೆರಿಗೆ ನಿಂತರೆ ಖಜಾನೆ ಖಾಲಿಯಾಗುತ್ತದೆ, ಅದಕ್ಕೆ 1939ರಲ್ಲಿ ಮಾರಾಟ ತೆರಿಗೆ ಹಾಕಿದರು. ಇವತ್ತು ಜಿಎಸ್‌ಟಿ ಬಿಲ್ ನೋಡಿ ಬೈಯುವವರು ಅದರ ಮುತ್ತಾತನನ್ನೂ ಒಮ್ಮೆ ನೆನೆಯಬಹುದು. ಸಾಲದಲ್ಲಿ ಮುಳುಗಿದ ರೈತರಿಗೆ 1938ರಲ್ಲಿ ಋಣ ಪರಿಹಾರ ಕಾಯ್ದೆ ತಂದವರೂ ಅವರೇ. ಶಾಲೆಗಳಲ್ಲಿ ಹಿಂದಿ ಕಡ್ಡಾಯ ಮಾಡಲು ಹೋಗಿ ದೊಡ್ಡ ಚಳವಳಿ ಎದುರಿಸಿದವರೂ ಅವರೇ. 1942ರಲ್ಲಿ ಕಾಂಗ್ರೆಸ್ಸೆಲ್ಲ ಕ್ವಿಟ್ ಇಂಡಿಯಾ ಅಂದಾಗ ಇವರು ಒಪ್ಪದೆ ಹೊರಗೆ ನಿಂತರು. ಇಲ್ಲಿವರೆಗೆ ನಮ್ಮ ನಾಲ್ವರಲ್ಲಿ ಜಗಳ ಇಲ್ಲ.

1948ರ ಜೂನ್‌ನಿಂದ 1950ರ ಜನವರಿ 26ರವರೆಗೆ ಗವರ್ನರ್ ಜನರಲ್. 1952ರಲ್ಲಿ ಮತ್ತೆ ಮದರಾಸಿನ ಮುಖ್ಯಮಂತ್ರಿ. ಮರು ವರ್ಷ ಪ್ರಾಥಮಿಕ ಶಾಲೆಗಳಿಗೆ ಒಂದು ಹೊಸ ಪದ್ಧತಿ ತಂದರು. ಹಳ್ಳಿ ಶಾಲೆಯಲ್ಲಿ ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಪಾಠ. ಉಳಿದ ಹೊತ್ತು ಮನೆಗೆ ಹೋಗಿ ಅಪ್ಪನ ಕಸುಬು ಕಲಿಯಬೇಕು. ಸರ್ಕಾರದ ಕಡೆಯ ಲೆಕ್ಕ ಏನಂದರೆ, ದುಡ್ಡಿಲ್ಲ, ಕಟ್ಟಡ ಇಲ್ಲ, ಮೇಷ್ಟರು ಸಾಲದು. ಒಂದೇ ಶಾಲೆಯಲ್ಲಿ ಎರಡು ಪಾಳಿ ಮಾಡಿದರೆ ಹೆಚ್ಚು ಮಕ್ಕಳನ್ನು ಸೇರಿಸಿಕೊಳ್ಳಬಹುದು.

ಜನ ಇದಕ್ಕೆ ಇಟ್ಟ ಹೆಸರು ‘ಕುಲ ಕಲ್ವಿ ತಿಟ್ಟಂ’. ಕುಲಕಸುಬಿನ ಶಿಕ್ಷಣ ಯೋಜನೆ ಅಂತ ಅರ್ಥ. ಪೆರಿಯಾರ್ ಬೀದಿಗಿಳಿದರು, ಕಾಂಗ್ರೆಸ್ಸಿನೊಳಗೇ ವಿರೋಧ ಎದ್ದಿತು. 1954ರ ಏಪ್ರಿಲ್‌ನಲ್ಲಿ ರಾಜಾಜಿ ಅಧಿಕಾರ ಬಿಟ್ಟರು. ಅವರ ಜಾಗಕ್ಕೆ ಬಂದ ಕಾಮರಾಜ್ ಬಡತನದಿಂದ ಶಾಲೆ ಬಿಟ್ಟಿದ್ದವರು. ಯೋಜನೆಯನ್ನು ರದ್ದು ಮಾಡಿದರು. ಅದೇ ವರ್ಷ ಮೊದಲ ಭಾರತರತ್ನ ಪಡೆದ ಮೂವರಲ್ಲಿ ರಾಜಾಜಿ ಒಬ್ಬರು.

ನೇಕಾರರ ಮಗ ಸಿಟ್ಟಾಗಿದ್ದು ಇಲ್ಲೇ. ‘ಆ ಪದ್ಧತಿ ನಮ್ಮ ಕಡೆಯೂ ಬಂದು ಉಳಿದಿದ್ದರೆ ನಾನು ಈ ಹೊತ್ತಿಗೆ ಪವರ್‌ಲೂಮ್ ಮುಂದೆ ನಿಂತು ಕಡಿದ ನೂಲು ಕಟ್ಟುತ್ತಾ ಇರುತ್ತಿದ್ದೆ. ವಕೀಲರ ಮಗ ಮಧ್ಯಾಹ್ನ ಕೋರ್ಟಿಗೆ ಹೋಗುತ್ತಿದ್ದನಾ? ಪೇಟೆ ಮಕ್ಕಳಿಗೆ ಪೂರ್ತಿ ಪಾಠ, ಹಳ್ಳಿ ಮಕ್ಕಳಿಗೆ ಅರ್ಧವಾ?’ ಅಂದ.

ದೇವನಹಳ್ಳಿಯವಳು ಬಿಡಲಿಲ್ಲ. ‘ಅವರ ಕೈಯಲ್ಲಿ ದುಡ್ಡಿರಲಿಲ್ಲ ಕಣೋ. ಶಾಲೆಗೇ ಬರದ ಮಗುವಿಗೆ ಮೂರು ಗಂಟೆಯಾದರೂ ಸಿಗಲಿ ಅಂದರು. ಕೈಕೆಲಸ ಕೀಳು ಅಂತ ನಾವೇ ಒಪ್ಪಿಕೊಂಡು ಮಾತಾಡ್ತಾ ಇದ್ದೀವಲ್ಲ’ ಅಂದಳು. ಅವಳ ಮಾತಲ್ಲಿ ಸತ್ಯ ಇಲ್ಲದೆ ಇಲ್ಲ. ಮಗ್ಗ ಗೊತ್ತಿರುವವನಿಗೆ ಗಣಿತವೂ ಗೊತ್ತಿರುತ್ತದೆ.

ಆದರೂ ನಮ್ಮಲ್ಲಿ ಮೂವರು ನೇಕಾರರ ಮಗನ ಕಡೆ. ಕಸುಬು ಕಲಿಯುವುದು ಬೇರೆ, ಅಪ್ಪನ ಕಸುಬನ್ನೇ ಕಲಿ ಅಂತ ಸರ್ಕಾರ ಹೇಳುವುದು ಬೇರೆ. ಸ್ವತಃ ರಾಜಾಜಿ ಅಪ್ಪನ ಮುನ್ಸೀಫಿಕೆ ಕಲಿಯಲಿಲ್ಲ. ಐದು ವರ್ಷಕ್ಕೆ ಈ ಮನೆ ಬಿಟ್ಟು ಹೊಸೂರಿನ ಶಾಲೆಗೆ ಹೋದರು. ಹೋದದ್ದಕ್ಕೇ ರಾಜಾಜಿ ಆದರು.

ಇಂಥ ಮನೆಗಳಿಗೆ ಹೋದಾಗ ಒಬ್ಬರೇ ಮನುಷ್ಯನೊಳಗೆ ಈ ಎರಡೂ ಇದ್ದವು ಅಂತ ತಿಳಿದು ಹೋಗುವುದು ಒಳ್ಳೆಯದು. 1959ರಲ್ಲಿ ಸಹಕಾರಿ ಬೇಸಾಯದ ಹೆಸರಲ್ಲಿ ರೈತನ ಜಮೀನು ಕೈಬಿಟ್ಟು ಹೋಗುತ್ತದೆ ಅಂತ 80ನೇ ವಯಸ್ಸಿನಲ್ಲಿ ಹೊಸ ಪಕ್ಷ ಕಟ್ಟಿ, ನೆಹರೂ ಎದುರು ನಿಂತವರೂ ಇವರೇ. ಜಮೀನು ಸ್ವಾಧೀನದ ನೋಟಿಸು ನೋಡಿದ ದೇವನಹಳ್ಳಿ ಕಡೆಯವರಿಗೆ ಆ ಭಯ ಬಿಡಿಸಿ ಹೇಳಬೇಕಿಲ್ಲ.

ಬೀದಿಯಲ್ಲಿ ಕೂತಿದ್ದ ಅಜ್ಜಿಯೊಬ್ಬರು ನಮ್ಮ ಗಲಾಟೆ ಕೇಳಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ‘ಯಾವೂರು ಮಕ್ಕಳಾ?’ ಅಂದರು. ಹೊಸಕೋಟೆ ಕಡೆ ಅಂದೆವು. ‘ಹಂಗಾರೆ ನೀರು ಬಿಡೋರು ನೀವೇಯಾ’ ಅಂದು ನಕ್ಕರು. ನಮಗೆ ಆಗ ಅರ್ಥ ಆಗಲಿಲ್ಲ.

ವಾಪಸು ಬರುವಾಗ ಹೊಸೂರಿನ ಹತ್ತಿರದ ಕೆಲವರಪಳ್ಳಿ ಅಣೆಕಟ್ಟೆಗೆ ಹೋದೆವು. ನಂದಿಯಲ್ಲಿ ಹುಟ್ಟಿದ ಹೊಳೆಗೆ ದಾರಿಯಲ್ಲಿ ವರ್ತೂರು ಕೆರೆ ಕಡೆಯಿಂದ ಬೆಂಗಳೂರಿನ ಕೊಳಚೆಯೂ ಸೇರಿಕೊಳ್ಳುತ್ತದೆ. ಗೇಟಿನ ಕೆಳಗೆ ನೀರು ಕಾಣಲಿಲ್ಲ, ನೊರೆ ಕಂಡಿತು, ಹತ್ತಿ ಮೂಟೆ ಬಿಚ್ಚಿ ಸುರಿದ ಹಾಗೆ. ಪಕ್ಕದಲ್ಲೇ ಒಬ್ಬರು ಸೊಪ್ಪಿನ ಮಡಿಗೆ ಅದೇ ನೀರು ಹಾಯಿಸುತ್ತಿದ್ದರು. ಗಾಳಿಗೆ ಒಂದು ತುಣುಕು ನೊರೆ ಹಾರಿ ಬಂದು ಬೈಕಿನ ಸೀಟಿನ ಮೇಲೆ ಕೂತಿತು. ಒರೆಸಿಕೊಂಡು ಹೊರಟೆವು. ಮಾಲೂರು ಬರುವವರೆಗೆ ಕೈಯ ವಾಸನೆ ಹೋಗಲಿಲ್ಲ.