ಕಪಿಲೆಯ ತೊಗಲು, ಕುಸುಬಿಯ ಎಣ್ಣೆ

ತೊಗಲು ಸೀಳುವುದು ಮಡಿಕೆಯಲ್ಲಿ. ಹದ ಮಾಡಿದ ಚರ್ಮವೆಂದರೆ ಲೆಕ್ಕವಿಲ್ಲದಷ್ಟು ಸಣ್ಣ ನಾರುಗಳ ಹೆಣಿಗೆ. ಆ ನಾರುಗಳ ನಡುವೆ ಒಂದಿಷ್ಟು ತೇವ, ಒಂದಿಷ್ಟು ಜಿಡ್ಡು ಇರುವವರೆಗೆ ಅವು ಒಂದರ ಮೇಲೊಂದು ಜಾರುತ್ತವೆ, ಚರ್ಮ ಬಾಗಿಸಿದಷ್ಟೂ ಬಾಗುತ್ತದೆ. ತೇವ ಹಾರಿ ಜಿಡ್ಡು ಬತ್ತಿದರೆ ನಾರುಗಳು ಅಂಟಿಕೊಂಡು ಸೆಟೆಯುತ್ತವೆ. ಬಾಗುವ ಕಡೆ ಮೊದಲು ಕೂದಲೆಳೆಯಷ್ಟು ಗೆರೆ, ಆಮೇಲೆ ಬಿರುಕು. ವಿಜಯಪುರ ಸೀಮೆಯ ಹವೆ ತೊಗಲಿಗೆ ಬಹಳ ಕಠಿಣ. ವರ್ಷದ ಮಳೆ ಸುಮಾರು 600 ಮಿಲಿಮೀಟರ್, ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ವಾಡಿಕೆ, ಮೇಲೆ ಎರೆಮಣ್ಣಿನ ಧೂಳು. ತೊಗಲನ್ನು ಸೀಳದಂತೆ ಕಾಯುವ ವಿದ್ಯೆ ಇಲ್ಲಿ ಅಂದಚಂದಕ್ಕಾಗಿ ಹುಟ್ಟಿದ್ದಲ್ಲ. ಬಾವಿಯ ನೀರು ಹೊಲಕ್ಕೆ ಏರುವುದು ಅದರ ಮೇಲೆ ನಿಂತಿತ್ತು.

ಆದಿಲಶಾಹಿ ಅರಸರು 1490ರಿಂದ 1686ರವರೆಗೆ ಆಗ ಬಿಜಾಪುರವೆನಿಸಿದ್ದ ವಿಜಯಪುರವನ್ನು ಆಳಿದರು. ಅವರ ಬಲ ಕುದುರೆ ದಂಡಿನಲ್ಲಿತ್ತು. ಜೀನು, ಲಗಾಮು, ಬಾರು, ಖಡ್ಗದ ಒರೆ ಎಲ್ಲವೂ ತೊಗಲಿನವು. ನೀರು ಹೊರುವ ಪಖಾಲಿಯೂ ತೊಗಲಿನದೇ.   ಅರಮನೆಯ ಜೀನುಗಳು ಉಳಿಯಲಿಲ್ಲ. ಊರಿನ ಹೊರಗೆ, ಹೊಲದ ಬಾವಿಯ ದಡದಲ್ಲಿದ್ದ ತೊಗಲು ಮಾತ್ರ ಮತ್ತೆ ಎರಡೂವರೆ ಶತಮಾನ ದುಡಿಯಿತು.

ಅದು ಕಪಿಲೆ. ಗಡಿಸೀಮೆಯ ಮರಾಠಿ ಬೆರೆತ ಮಾತಿನಲ್ಲಿ ಮೋಟ್. ಬಾವಿಯ ಬಾಯಿಗೆ ಚಾಚಿದ ಮರದ ಚೌಕಟ್ಟು, ಮೇಲೊಂದು ಗಾಲಿ, ಕೆಳಗೊಂದು ಉರುಳೆ, ನಡುವೆ ಇಳಿಬಿಟ್ಟ ದೊಡ್ಡ ತೊಗಲ ಚೀಲ. ಚೀಲದ ಬುಡಕ್ಕೆ ಆನೆಯ ಸೊಂಡಿಲಿನಂಥ ಕೊಳವೆ. ದಪ್ಪ ಹಗ್ಗ ಚೀಲವನ್ನು ಎತ್ತಿದರೆ ಸಣ್ಣ ಹಗ್ಗ ಸೊಂಡಿಲಿನ ತುದಿಯನ್ನು ಮೇಲಕ್ಕೆ ಹಿಡಿದಿರುತ್ತದೆ. ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ಚೀಲ ಮೇಲೇರಿ, ದಡ ಮುಟ್ಟಿದಾಗ ಸೊಂಡಿಲು ಉರುಳೆಯ ಮೇಲೆ ಬಗ್ಗಿ ನೀರನ್ನು ತೊಟ್ಟಿಗೆ ಸುರಿಯುತ್ತದೆ. ಯಾರೂ ಕೈಹಾಕಬೇಕಿಲ್ಲ. ಇದಕ್ಕಿಂತ ಅಚ್ಚುಕಟ್ಟಾದ ಯಂತ್ರವನ್ನು ತೊಗಲಿನಿಂದ ಇನ್ನಾರೂ ಮಾಡಿರಲಾರರು. ಆದರೆ ಆ ತೊಗಲಿನ ಪಾಡು ಕಷ್ಟದ್ದು. ದಿನವೆಲ್ಲ ನೆನೆಯಬೇಕು, ಸಂಜೆ ಒಣಗಬೇಕು, ಮರುದಿನ ಮತ್ತೆ ನೆನೆಯಬೇಕು. ಪ್ರತಿ ಸಲ ನೀರು ಒಳಗಿನ ಹದದ ಸತ್ವವನ್ನೂ ಜಿಡ್ಡನ್ನೂ ಸ್ವಲ್ಪ ಸ್ವಲ್ಪ ತೊಳೆದೊಯ್ಯುತ್ತದೆ. ಸೊಂಡಿಲು ಉರುಳೆಯ ಮೇಲೆ ಸಾವಿರ ಸಲ ಬಗ್ಗುವ ಅದೇ ಜಾಗ ಮೊದಲು ಸೋಲುತ್ತದೆ.

ಈ ತೊಗಲನ್ನು ಹದ ಮಾಡುತ್ತಿದ್ದವರು ಡೋಹರರು. ಹೊಲಿಯುತ್ತಿದ್ದವರು, ಕಾಲ್ಮರಿ ಕಟ್ಟುತ್ತಿದ್ದವರು ಸಮಗಾರರು, ಮಾದರು. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆದು, ಜಾಲಿ ತೊಗಟೆ, ತಂಗಡಿ ತೊಗಟೆ, ಅಳಲೆಕಾಯಿಗಳ ಒಗರು ನೀರಿನಲ್ಲಿ ವಾರಗಟ್ಟಲೆ ಇಡುತ್ತಿದ್ದರು. ಆ ಒಗರು ನಾರಿಗೆ ಅಂಟಿದರೆ ತೊಗಲು ಕೊಳೆಯುವುದಿಲ್ಲ. ಹೊಲದವನಿಗೆ ಕಪಿಲೆಯ ಚೀಲ, ಮಿಣಿ, ಬಾರುಕೋಲು ಒದಗಿಸಿದ್ದಕ್ಕೆ ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳದ ಆಯ ಪಡೆಯುವುದು ಊರಿನ ಕಟ್ಟಳೆ. ಚೀಲ ಸೀಳಿದರೆ ತೇಪೆ ಹಾಕುವ ಹೊಣೆಯೂ ಅವರದೇ. ಹನ್ನೆರಡನೆಯ ಶತಮಾನದಲ್ಲಿ ಇದೇ ಸೀಮೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಜೊತೆಗೆ ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ಮಾದಾರ ಚೆನ್ನಯ್ಯರ ಹೆಸರು ನಿಂತಿದೆ. ಕಾಯಕದ ಹೆಸರೇ ಶರಣರ ಹೆಸರಿನ ಭಾಗವಾಗಿ ಉಳಿದದ್ದು ಸಣ್ಣ ಮಾತಲ್ಲ. ಆದರೂ ನಂತರದ ಶತಮಾನಗಳಲ್ಲಿ ಊರು ಅವರ ತೊಗಲನ್ನು ಬಳಸಿತು, ಅವರನ್ನು ಹೊರಗಿಟ್ಟಿತು. ಅವರ ಕೈಯಲ್ಲಿದ್ದ ಅರಿವು ಪುಸ್ತಕಕ್ಕೆ ಬರದೆ ಹೋದುದಕ್ಕೆ ಮುಖ್ಯ ಕಾರಣ ಅದೇ. ಇದು ನಾಡಿಗಾದ ದೊಡ್ಡ ನಷ್ಟ.

ಅದೃಷ್ಟಕ್ಕೆ ಒಂದು ಅರಿವು ದಾಖಲಾಗಿದೆ. ವಿಜಯಪುರದ ಎರೆಹೊಲದಲ್ಲಿ ಬಿಳಿಜೋಳದ ಜೊತೆ ಕುಸುಬಿ ಬೆಳೆಯುವುದು ಹಳೆಯ ರೂಢಿ. ಮುಳ್ಳಿನ ಗಿಡವಾದ್ದರಿಂದ ಹೊಲದ ಅಂಚಿಗೆ ಬಿತ್ತಿದರೆ ಬೇಲಿಯೂ ಆಗುತ್ತದೆ. ಗಾಣದಲ್ಲಿ ಹಿಂಡಿದ ಕುಸುಬಿ ಎಣ್ಣೆ ಅಡುಗೆಗೆ. ಆದರೆ ಅದೇ ಬೀಜದಿಂದ ಇನ್ನೊಂದು ಎಣ್ಣೆಯನ್ನು ಬೆಂಕಿಯಿಂದ ಇಳಿಸುತ್ತಿದ್ದರು. ಭಾರತದ ಬೆಳೆ ಮತ್ತು ಸರಕುಗಳ ದೊಡ್ಡ ನಿಘಂಟನ್ನು 1889ರಿಂದ ಪ್ರಕಟಿಸಿದ ಜಾರ್ಜ್ ವಾಟ್ ಇಂಥ ಎಣ್ಣೆಯನ್ನು ವಿವರಿಸಿದ್ದಾನೆ. ನೆಲದಲ್ಲಿ ಒಂದು ಗಡಿಗೆ ಹೂಳಬೇಕು. ಅದರ ಬಾಯಿಗೆ ತೂತಿನ ಮುಚ್ಚಳ. ಮೇಲೆ ಬೀಜ ತುಂಬಿದ ಇನ್ನೊಂದು ಗಡಿಗೆಯನ್ನು ಬೋರಲು ಹಾಕಿ, ಸುತ್ತ ಕುಳ್ಳು ಒಟ್ಟಿ ಬೆಂಕಿ ಕೊಡಬೇಕು. ಕಾದ ಬೀಜದಿಂದ ಕಪ್ಪು ಬಣ್ಣದ ಅಂಟು ಎಣ್ಣೆ ತೊಟ್ಟುತೊಟ್ಟಾಗಿ ಕೆಳಗಿನ ಗಡಿಗೆಗೆ ಇಳಿಯುತ್ತದೆ. ಇದು ತಿನ್ನಲು ಬಾರದು, ದೀಪಕ್ಕೂ ಬಾರದು. ಬಾವಿಯ ಹಗ್ಗಕ್ಕೆ, ನೀರಿನಲ್ಲಿ ನೆನೆಯುವ ತೊಗಲಿಗೆ ಮಾತ್ರ ಇದರ ಕೆಲಸ.

ಇದರ ಹಿಂದಿನ ಗುಟ್ಟು ಕುಸುಬಿಯ ಗುಣದಲ್ಲಿದೆ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಪದರಗಟ್ಟುವ ಜಾತಿಯದು. ಔಡಲೆಣ್ಣೆ ಒಣಗುವುದಿಲ್ಲ, ಒಳಗಿಳಿದು ನಾರನ್ನು ಮೆತ್ತಗಿಡುತ್ತದೆ. ಹಾಗಾಗಿ ಕಾಲ್ಮರಿಗೆ, ಬಾರಿಗೆ ಔಡಲೆಣ್ಣೆ ಸರಿ. ಸದಾ ನೀರಿನಲ್ಲಿರುವ ಚೀಲಕ್ಕೆ ನೀರನ್ನೇ ತಡೆಯುವ ಸುಟ್ಟ ಕುಸುಬಿ ಎಣ್ಣೆ ಸರಿ. ಯಾವ ತೊಗಲಿಗೆ ಯಾವ ಎಣ್ಣೆ ಎಂಬ ಈ ವಿವೇಚನೆಯೇ ಹಳೆಯ ವಿದ್ಯೆಯ ತಿರುಳು. ಎಣ್ಣೆ ಹಚ್ಚುವ ಕ್ರಮಕ್ಕೂ ಕಟ್ಟು ಇತ್ತು. ತೊಗಲು ತೀರ ಒಣಗುವ ಮೊದಲೇ, ನಸು ತೇವ ಇರುವಾಗ ಹಚ್ಚಬೇಕು, ನೆರಳಿನಲ್ಲಿ ತೂಗುಹಾಕಬೇಕು, ಬಿಸಿಲಿಗೆ ಎಂದೂ ಒಡ್ಡಬಾರದು. ತೇವ ಹಾರುತ್ತಿದ್ದಂತೆ ಎಣ್ಣೆ ಆ ಜಾಗಕ್ಕೆ ಇಳಿಯುತ್ತದೆ.

1884ರಲ್ಲಿ ಮೂರು ಸಂಗತಿಗಳು ಕೂಡಿಬಂದವು. ಹೋಟಗಿಯಿಂದ ಗದಗಿಗೆ ಹೋಗುವ ರೈಲುಹಳಿ ಬಿಜಾಪುರವನ್ನು ಮುಟ್ಟಿತು. ಬಾಂಬೆ ಪ್ರಾಂತದ ಗೆಜೆಟಿಯರ್ ಮಾಲೆಯಲ್ಲಿ ಬಿಜಾಪುರ ಜಿಲ್ಲೆಯ ಸಂಪುಟ ಹೊರಬಂತು. ಅಮೆರಿಕದಲ್ಲಿ ಆಗಸ್ಟಸ್ ಶುಲ್ಟ್ಸ್ ಎಂಬಾತ ತೊಗಟೆಯ ಬದಲು ಕ್ರೋಮಿಯಂ ಲವಣದಿಂದ ಚರ್ಮ ಹದ ಮಾಡುವ ಪೇಟೆಂಟ್ ಪಡೆದ. ಆ ಹೊತ್ತಿಗೆ ಮೂರನೆಯದರ ಸುದ್ದಿ ಇಲ್ಲಿ ಯಾರಿಗೂ ಇರಲಿಲ್ಲ. ಕೊನೆಗೆ ತೊಗಲಿನ ಪಾಲನೆಯನ್ನು ಬುಡಮೇಲು ಮಾಡಿದ್ದು ಅದೇ. ವಾರಗಳ ಕೆಲಸ ಒಂದೆರಡು ದಿನಕ್ಕೆ ಇಳಿಯಿತು. ಚರ್ಮ ಮೆದುವಾಯಿತು, ಬಿಸಿನೀರನ್ನೂ ತಾಳಿತು.

ಕ್ರೋಮ್ ಚರ್ಮ ದಕ್ಷಿಣ ಭಾರತಕ್ಕೆ ಬಂದದ್ದು ಕಪಿಲೆಯ ಬೆನ್ನು ಹತ್ತಿಯೇ. ಆಲ್‌ಫ್ರೆಡ್ ಚಾಟರ್ಟನ್ 1903ರಲ್ಲಿ ಮದರಾಸಿನಲ್ಲಿ ಕ್ರೋಮ್ ಹದದ ಪ್ರಯೋಗ ಆರಂಭಿಸಿದಾಗ ಮುಂದಿದ್ದ ಉದ್ದೇಶ, ತೊಗಟೆಯ ಚರ್ಮಕ್ಕಿಂತ ಹೆಚ್ಚು ಬಾಳುವ ಬಾವಿಚೀಲ. ಮುಂದೆ ಆತ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥನಾದ. ಆದರೆ ಕಪಿಲೆಯ ಕಾಲ ಮುಗಿಯುತ್ತ ಬಂದಿತ್ತು. ಎಣ್ಣೆ ಎಂಜಿನ್ನು, ಆಮೇಲೆ ವಿದ್ಯುತ್ ಪಂಪು ಬಾವಿಯ ದಡಕ್ಕೆ ಬಂದವು. ಚೀಲ ಹೋಯಿತು, ಅದರ ಜೊತೆಗೆ ಬೋರಲು ಗಡಿಗೆಯ ಎಣ್ಣೆಯೂ ಹೋಯಿತು. ತೊಗಟೆಯ ಹದದ ತೊಗಲು ಚಪ್ಪಲಿಯಲ್ಲಿ ಉಳಿಯಿತು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ ಭೌಗೋಳಿಕ ಸೂಚಿಕೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿವೆ. ಹೊಸ ಚಪ್ಪಲಿಗೆ ರಾತ್ರಿ ಎಣ್ಣೆ ಸವರಿಟ್ಟು ಬೆಳಗ್ಗೆ ಮೆಟ್ಟುವ ರೂಢಿ ಅದರೊಂದಿಗೆ ಉಳಿದಿದೆ.

ಕಾರಿನ ತೊಗಲ ಸೀಟಿಗೆ ಈ ರೂಢಿಯನ್ನು ಒಯ್ಯುವಲ್ಲಿ ತಪ್ಪು ನಡೆಯುತ್ತದೆ. ಇಂದಿನ ಸೀಟಿನ ಚರ್ಮ ಬಹುಪಾಲು ಕ್ರೋಮ್ ಹದದ್ದು. ಕಾರ್ಖಾನೆಯಲ್ಲೇ ಅದರ ನಾರಿಗೆ ಜಿಡ್ಡು ತುಂಬಿ, ಮೇಲೆ ಬಣ್ಣ, ಬಣ್ಣದ ಮೇಲೆ ತೆಳುವಾದ ಪಾಲಿಯುರೆಥೇನ್ ಪೊರೆ ಹೊದಿಸಿರುತ್ತಾರೆ. ಮೇಲೆ ಸುರಿದ ಕೊಬ್ಬರಿ ಎಣ್ಣೆ ಆ ಪೊರೆಯನ್ನು ದಾಟಿ ಒಳಗಿಳಿಯದು. ಮೇಲೆಯೇ ನಿಂತು ಧೂಳನ್ನು ಹಿಡಿಯುತ್ತದೆ. ಎರೆಮಣ್ಣಿನ ಧೂಳು ಎಣ್ಣೆಯಲ್ಲಿ ಕಲೆತರೆ ಕೂತು ಏಳುವ ಪ್ರತಿ ಸಲವೂ ಮರಳುಕಾಗದ ಉಜ್ಜಿದಂತೆ. ಚಾಲಕನ ಸೀಟಿನ ಬಾಗಿಲ ಕಡೆಯ ಅಂಚು, ಮೈ ಜಾರಿಸಿ ಒಳಗೆ ಕೂರುವ ಜಾಗ, ಎಲ್ಲಕ್ಕಿಂತ ಮೊದಲು ಸವೆಯುತ್ತದೆ. ಕಪಿಲೆಯ ಸೊಂಡಿಲಿಗೂ ಅಂಥದೇ ಒಂದು ಜಾಗವಿತ್ತು.

ಇಲ್ಲಿ ಕಾಯಬೇಕಾದದ್ದು ಮೊದಲು ಪೊರೆಯನ್ನು. ಧೂಳನ್ನು ಒಣ ಮೆತ್ತನೆ ಕುಂಚದಿಂದ ತೆಗೆದು, ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಬೇಕು. ಬೆವರು ಮತ್ತು ತಲೆಯೆಣ್ಣೆಯ ಕಲೆ ಪೊರೆಯನ್ನು ಮೆದುಮಾಡಿ ಕಿತ್ತುಹಾಕುವುದರಿಂದ ತಲೆ ತಾಗುವ ಭಾಗಕ್ಕೆ ಗಮನ ಹೆಚ್ಚು ಬೇಕು. ಪೆಟ್ರೋಲು, ಸ್ಪಿರಿಟ್ ಕೂಡದು. ಬಟ್ಟೆ ಒಗೆಯುವ ಸಾಬೂನು, ಸೋಡಾಗಳೂ ಬೇಡ: ಕ್ರೋಮ್ ಚರ್ಮ ಸ್ವಭಾವತಃ ಆಮ್ಲೀಯ, ಕ್ಷಾರ ಅದಕ್ಕೆ ಹಗೆ. ಪೊರೆ ಇರುವ ಚರ್ಮಕ್ಕೆಂದೇ ಮಾಡಿದ ನೀರಿನ ಅಂಶದ ಕಂಡೀಷನರ್ ವರ್ಷಕ್ಕೆ ಕೆಲವು ಸಲ ಸಾಕು. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಬೇವಿನ ನೆರಳು, ಅದು ಸಿಗದಿದ್ದರೆ ಗಾಜಿಗೊಂದು ಪರದೆ, ಯಾವ ಕಂಡೀಷನರಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ನೆರಳಿನಲ್ಲಿಡಬೇಕೆಂಬ ಹಳೆಯ ಕಟ್ಟು ಮಾತ್ರ ಇಲ್ಲಿ ಬದಲಾಗದೆ ನಿಲ್ಲುತ್ತದೆ.

ತೊಗಲೆಂದು ಕರೆಯುವ ಎಷ್ಟೋ ಸೀಟುಗಳು ತೊಗಲಲ್ಲ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ರೆಕ್ಸಿನ್. ಅದಕ್ಕೆ ಎಣ್ಣೆಯೂ ಬೇಡ, ತೊಗಲಿನ ಕಂಡೀಷನರೂ ಬೇಡ. ಒರೆಸಿ ನೆರಳಿನಲ್ಲಿಟ್ಟರೆ ಸಾಕು. ನಿಜವಾದ ತೊಗಲಿನಲ್ಲಿ ಬಿರುಕು ಪೊರೆಯನ್ನು ದಾಟಿ ನಾರಿಗೆ ಮುಟ್ಟಿದ ಮೇಲೆ ಯಾವ ಲೇಪವೂ ಅದನ್ನು ಕೂಡಿಸದು. ಆಗ ಸೀಟಿನ ಕೆಲಸದವರು ಆ ತುಂಡನ್ನು ಬಿಚ್ಚಿ, ಅದರ ಮೇಲೆಯೇ ಅಳತೆ ಹಾಕಿ ಹೊಸ ತೊಗಲು ಕತ್ತರಿಸಿ, ಹಳೆಯ ಹೊಲಿಗೆಯ ಸಾಲಿನಲ್ಲೇ ಸೇರಿಸಿ ಹೊಲಿಯುತ್ತಾರೆ.