ಬಿರುಗಾಳಿಯ ಲೆಕ್ಕಕ್ಕೆ ಬರೆದ ಸಾವುಗಳು

ಉತ್ತರ ಅಮೆರಿಕದ ಮಿಷಿಗನ್ ಹೆಸರಿಗೆ ಸರೋವರ, ಸ್ವಭಾವದಲ್ಲಿ ಸಮುದ್ರ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 500 ಕಿಲೋಮೀಟರ್ ಚಾಚಿರುವ ಈ ನೀರಿನ ಮೇಲೆ ಗಾಳಿಗೆ ತಡೆ ಕಡಿಮೆ. ಅಲೆಗಳು ಒಂದರ ಬೆನ್ನಿಗೊಂದು ಕಡಿದಾಗಿ ಏಳುತ್ತವೆ. 1860ರ ಸೆಪ್ಟೆಂಬರ್ 8ರ ನಸುಕಿನಲ್ಲಿ ಇಲ್ಲಿ ‘ಲೇಡಿ ಎಲ್ಗಿನ್’ ಎಂಬ ಉಗಿಹಡಗು ಮುಳುಗಿ ಸುಮಾರು 300 ಮಂದಿ ಸತ್ತರು. ಈ ದುರಂತವನ್ನು ಬಿರುಗಾಳಿಯ ಲೆಕ್ಕಕ್ಕೆ ಬರೆದುಬಿಡುವುದು ಸುಲಭ. ಆ ರಾತ್ರಿ ನಡೆದದ್ದನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಗಾಳಿಗಿಂತ ಮೊದಲೇ ಮನುಷ್ಯರು ಮಾಡಿದ ಮತ್ತು ಮಾಡದೆ ಬಿಟ್ಟ ಕೆಲಸಗಳು ಕಾಣುತ್ತವೆ.

ಅಷ್ಟು ಜನ ಆ ಹಡಗಿನಲ್ಲಿ ಇದ್ದದ್ದಾದರೂ ಏಕೆ? ಪ್ರಯಾಣಿಕರಲ್ಲಿ ಬಹುಪಾಲು ಮಿಲ್ವಾಕಿ ಊರಿನ ಐರಿಷ್ ಕೇರಿಯವರು. ಅವರ ‘ಯೂನಿಯನ್ ಗಾರ್ಡ್’ ಎಂಬ ಸ್ವಯಂಸೇವಕ ತುಕಡಿಯನ್ನು ವಿಸ್ಕಾನ್ಸಿನ್ ಸರ್ಕಾರ ಅದೇ ವರ್ಷ ನಿರಾಯುಧಗೊಳಿಸಿತ್ತು. ಓಡಿಬಂದ ಗುಲಾಮರನ್ನು ಹಿಡಿದು ಒಪ್ಪಿಸಬೇಕೆಂಬ ಕೇಂದ್ರದ ಕಾನೂನಿಗೆ ಆ ರಾಜ್ಯ ತಿರುಗಿಬಿದ್ದಿತ್ತು. ಜಗಳ ಕೈಮೀರಿದರೆ ಯಾರ ಮಾತು ಕೇಳುತ್ತೀರಿ ಎಂಬ ಪ್ರಶ್ನೆ ಬಂದಾಗ, ತುಕಡಿಯ ನಾಯಕ ಗ್ಯಾರೆಟ್ ಬ್ಯಾರಿ ತಾನು ಕೇಂದ್ರದ ಪರ ಎಂದ. ಅಧಿಕಾರವೂ ಹೋಯಿತು, ಬಂದೂಕುಗಳೂ ಹೋದವು. ಹೊಸ ಬಂದೂಕಿಗೆ ಹಣ ಕೂಡಿಸಲೆಂದೇ ಶಿಕಾಗೊ ಪ್ರವಾಸ ಏರ್ಪಟ್ಟಿತು. ಗುಲಾಮಗಿರಿಯ ವಿಷಯದಲ್ಲಿ ಧರ್ಮ ರಾಜ್ಯದ ಕಡೆಗಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೂ ಆ ಜಗಳದ ಬೆಲೆ ತೆತ್ತವರು ಜಗಳ ಹೂಡಿದವರಲ್ಲ. ಇದು ತೀರ ದೂರದ ಕಾರಣ ಎಂದು ಯಾರಾದರೂ ಆಕ್ಷೇಪಿಸಬಹುದು. ಒಪ್ಪುತ್ತೇನೆ, ಇದರಿಂದ ಹಡಗು ಮುಳುಗಲಿಲ್ಲ. ಆದರೆ ಸತ್ತವರಲ್ಲಿ ಅಷ್ಟೊಂದು ಮಂದಿ ಒಂದೇ ಕೇರಿಯವರು ಏಕಾದರು ಎಂಬುದಕ್ಕೆ ಗಾಳಿಯಲ್ಲಿ ಉತ್ತರ ಸಿಗುವುದಿಲ್ಲ.

ಹತ್ತಿರದ ಕಾರಣ ಬೆಳಕಿಗೆ ಸಂಬಂಧಿಸಿದ್ದು. ಹಡಗು ರಾತ್ರಿ ಶಿಕಾಗೊ ಬಿಟ್ಟಾಗ ದೀಪಗಳು ಉರಿಯುತ್ತಿದ್ದವು, ವಾದ್ಯ ನುಡಿಯುತ್ತಿತ್ತು, ಜನ ಕುಣಿಯುತ್ತಿದ್ದರು. ಸುಮಾರು ಎರಡೂವರೆಗೆ ಮರದ ದಿಮ್ಮಿ ಹೇರಿಕೊಂಡಿದ್ದ ‘ಅಗಸ್ಟಾ’ ಎಂಬ ಹಾಯಿಹಡಗು ಬಂದು ಅದರ ಎಡಮಗ್ಗುಲನ್ನು ಸೀಳಿತು. ಬಾಯ್ಲರ್ ಒಡೆದದ್ದು, ಬೆಂಕಿ ಹತ್ತಿದ್ದು ಹೀಗೆ ಹಲವು ಅನಾಹುತಗಳಾದ ಮೇಲೆ 1852ರಲ್ಲಿ ಉಗಿಹಡಗುಗಳಿಗೆ ಬಿಗಿ ಕಾನೂನು ಬಂದಿತ್ತು: ತಪಾಸಣೆ, ಪರವಾನಗಿ, ಜೀವರಕ್ಷಕ ಸಾಧನ. ಹಾಯಿಹಡಗಿನ ಮೇಲೆ, ಅದರ ದೀಪಗಳ ಮೇಲೂ, ಅಂಥ ಹದ್ದಿನಗಣ್ಣು ಇರಲಿಲ್ಲ. ಸಂಪ್ರದಾಯದ ಪ್ರಕಾರ ಹಾಯಿಹಡಗಿಗೆ ದಾರಿ ಬಿಡಬೇಕಾದದ್ದು ಉಗಿಹಡಗು. ಆದರೆ ಕತ್ತಲಲ್ಲಿ ಕಾಣದ್ದಕ್ಕೆ ದಾರಿ ಬಿಡುವುದು ಹೇಗೆ? 1864ರ ಕಾಯಿದೆ ಎರಡು ಬಗೆಯ ಹಡಗಿಗೂ ಒಂದೇ ನಿಯಮ ಮಾಡಿತು: ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು.

ತಪ್ಪು ಅಗಸ್ಟಾದ ಕಪ್ತಾನ ಡೇರಿಯಸ್ ಮ್ಯಾಲಟ್‌ನದು, ಕಾನೂನನ್ನು ಏಕೆ ದೂರಬೇಕು ಎಂಬ ವಾದವೂ ಇದೆ. ಅದರಲ್ಲಿ ಸತ್ಯವಿಲ್ಲದಿಲ್ಲ. ಉಗಿಹಡಗಿನ ದೀಪಗಳು ಅಗಸ್ಟಾದವರಿಗೆ ಮೊದಲೇ ಕಂಡಿದ್ದವು. ದಿಕ್ಕು ಬದಲಿಸಿದ್ದು ತಡವಾಗಿ. ಡಿಕ್ಕಿಯಾದ ಮೇಲೆ, ಆ ದೊಡ್ಡ ಹಡಗಿಗೆ ಏನೂ ಆಗಿರಲಾರದೆಂದುಕೊಂಡು ಅವರು ಶಿಕಾಗೊ ಕಡೆಗೆ ಸಾಗಿಬಿಟ್ಟರು. ಮಿಲ್ವಾಕಿಯ ಜನರ ಸಿಟ್ಟು ಎಷ್ಟಿತ್ತೆಂದರೆ ಮಾಲೀಕರು ಹಡಗಿಗೆ ಬೇರೆ ಬಣ್ಣ ಬಳಿದು, ಹೆಸರನ್ನೂ ಬದಲಿಸಬೇಕಾಯಿತು. ಆದರೆ ಗಾಳಿಮಳೆಯ ಕತ್ತಲಲ್ಲಿ ಒಬ್ಬ ಕಪ್ತಾನ ಎಡವಿದರೆ ಎದುರಿನವನಾದರೂ ತಪ್ಪಿಸಿಕೊಳ್ಳಲಿ ಎಂದೇ ದೀಪದ ನಿಯಮ ಇರುವುದು. ಮ್ಯಾಲಟ್‌ನನ್ನು ದೂರಿ ಸುಮ್ಮನಾದರೆ, ಮುಂದಿನ ಡಿಕ್ಕಿಗೆ ಇನ್ನೊಬ್ಬ ಮ್ಯಾಲಟ್ ಸಿಗುತ್ತಿದ್ದ.

ಇನ್ನು ಗಾಳಿಯ ಪಾಲು. ಲೇಡಿ ಎಲ್ಗಿನ್ ಅರ್ಧ ಗಂಟೆಯೊಳಗೆ ಮುಳುಗಿತು. ಭಾರ ಇಳಿಸಲೆಂದು ದನಗಳನ್ನು, ಸರಕನ್ನು ನೀರಿಗೆ ತಳ್ಳಿದರೂ ಉಳಿಯಲಿಲ್ಲ. ಆದರೆ ಎಲ್ಲರೂ ಆಗಲೇ ಸಾಯಲಿಲ್ಲ ಎಂಬುದನ್ನು ಗಮನಿಸಬೇಕು. ಮೇಲಟ್ಟ ಕಳಚಿ ತೆಪ್ಪದಂತೆ ತೇಲಿತು. ಅದರ ಮೇಲೆ, ಮುರಿದ ಹಲಗೆಗಳ ಮೇಲೆ, ವಾದ್ಯಮೇಳದ ದೊಡ್ಡ ಡೋಲನ್ನು ಹಿಡಿದುಕೊಂಡು ಸಹ ಜನ ರಾತ್ರಿ ಕಳೆದರು. ಬೆಳಗಾದಾಗ ವಿನೆಟ್ಕಾದ ಕಡಿದಾದ ದಡ ಕಣ್ಣೆದುರಿಗಿತ್ತು. ಅಲ್ಲಿ, ದಡಕ್ಕೆ ಅಪ್ಪಳಿಸುವ ಅಲೆಗಳಲ್ಲಿ, ರಾತ್ರಿಯಿಡೀ ಬದುಕಿದ್ದವರು ಸತ್ತರು. ಕಪ್ತಾನ ಜ್ಯಾಕ್ ವಿಲ್ಸನ್ ಕೂಡ. ಮೇಲೆ ನಿಂತವರ ಕೈಯಲ್ಲಿ ಹಗ್ಗ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಸಮೀಪದ ಎವನ್‌ಸ್ಟನ್‌ನಿಂದ ಬಂದ ದೈವಶಾಸ್ತ್ರದ ವಿದ್ಯಾರ್ಥಿ ಎಡ್ವರ್ಡ್ ಸ್ಪೆನ್ಸರ್ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ಅಲೆಗೆ ಇಳಿದು ಹದಿನೇಳು ಜನರನ್ನು ಎಳೆತಂದನೆಂದು ದಾಖಲೆ ಹೇಳುತ್ತದೆ. ಒಟ್ಟು ಬದುಕಿದವರು ನೂರರ ಆಸುಪಾಸು. ಸತ್ತವರ ಸಂಖ್ಯೆ ಇಂದಿಗೂ ಅಂದಾಜೇ, ಏಕೆಂದರೆ ಪ್ರಯಾಣಿಕರ ಪಟ್ಟಿಯೂ ಹಡಗಿನೊಂದಿಗೆ ತಳ ಸೇರಿತು.

ಅಂಥ ಅಲೆಯೆದುರು ದೋಣಿಯಿದ್ದರೂ ಏನು ಮಾಡಲಾಗುತ್ತಿತ್ತು ಎಂದು ಕೇಳುವವರಿಗೆ ಸ್ಪೆನ್ಸರನೇ ಅರ್ಧ ಉತ್ತರ: ಒಬ್ಬನಿಂದ, ಒಂದು ಹಗ್ಗದಿಂದ ಅಷ್ಟಾಯಿತು. ಉಳಿದರ್ಧ ಎವನ್‌ಸ್ಟನ್‌ನಲ್ಲೇ ಇದೆ. 1870ರ ದಶಕದಲ್ಲಿ ಅಲ್ಲಿ ಒಂದು ದೀಪಸ್ತಂಭ ಎದ್ದಿತು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕೈಗೆ ರಕ್ಷಣಾದೋಣಿ ಬಂತು. ಅವರ ಜೀವರಕ್ಷಣಾ ಠಾಣೆ 1916ರವರೆಗೆ ನಡೆಯಿತು. ಹುಟ್ಟು ಹಾಕಿದ ಹುಡುಗರು ಅಷ್ಟರಲ್ಲಿ ಅದೇ ಗಾಳಿಯ ಬಾಯಿಂದ, ಅದೇ ಅಲೆಗಳ ನಡುವಿನಿಂದ, ನೂರಾರು ಜನರನ್ನು ದಡ ಸೇರಿಸಿದ್ದರು.